ಕಿರುತೆರೆಯ ಕಲ್ಯಾಣದಲ್ಲಿ ಶರಣರೆಲ್ಲಿ?

ನಮ್ಮೂರಿನ ಮಠದಲ್ಲಿ ಪ್ರತಿ ಹುಣ್ಣಿಮೆಗೆ ಶಿವಾನುಭವ ಗೋಷ್ಠಿ ನಡೆಯುತ್ತದೆ. ಸಂಜೆ ಏಳಕ್ಕೆ ಆರಂಭವಾಗಬೇಕಾದ ಗೋಷ್ಠಿ ಕೆಲವು ತಿಂಗಳು ಎಂಟಕ್ಕೆ ಆರಂಭವಾಗತೊಡಗಿತ್ತು. ಕಾರಣ ಕೇಳಿದರೆ ನೀವು ನಗಬಹುದು. ಟಿ.ವಿ.ಯಲ್ಲಿ ಶರಣರ ಧಾರಾವಾಹಿ ಬರುತ್ತಿತ್ತು. ಅದನ್ನು ನೋಡಿ ಮುಗಿಸಿಕೊಂಡೇ ತಾಯಂದಿರು ಮಠದ ಕಡೆ ಹೊರಡುತ್ತಿದ್ದರು. ಪೂಜ್ಯರು ಬೇಸರ ಮಾಡಿಕೊಳ್ಳಲಿಲ್ಲ. "ಬಸವಣ್ಣನವರನ್ನ ನೋಡಿ ಬರ್ತಾರಲ್ಲ, ಬರಲಿ ಬಿಡ್ರಿ" ಎಂದರು. ನಾನೂ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿದವನೇ.

ಮೊಮ್ಮಗಳು ಎಂಟನೆಯ ತರಗತಿಯಲ್ಲಿ ಓದುತ್ತಾಳೆ. ಒಂದು ರಾತ್ರಿ ಧಾರಾವಾಹಿಯಲ್ಲಿ ನೀಲಾಂಬಿಕೆ ಕಂಬಕ್ಕೆ ಒರಗಿ ಅಳುತ್ತಿದ್ದರು. ಹಿಂದಿನ ದಿನವೂ ಅತ್ತಿದ್ದರು, ಅದರ ಹಿಂದಿನ ದಿನವೂ ಅತ್ತಿದ್ದರು. ಹುಡುಗಿ ನನ್ನ ಕಡೆ ತಿರುಗಿ, "ಅಜ್ಜಾ, ನೀಲಮ್ಮ ತಾಯಿ ಬರೇ ಅಳತಾರಲ್ಲ, ಅವರು ಮತ್ತೇನೂ ಮಾಡಲಿಲ್ಲೇನು?" ಎಂದಳು.

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವನು. ಆ ಪ್ರಶ್ನೆ ನನಗೆ ಚುಚ್ಚಿತು. ಏಕೆಂದರೆ ನೀಲಮ್ಮ ತಾಯಿಯವರು ಮಾಡಿದ್ದು ಸಣ್ಣದಲ್ಲ. ಕಲ್ಯಾಣ ಬಿಟ್ಟು ಕೂಡಲಸಂಗಮಕ್ಕೆ ಹೋದ ಬಸವಣ್ಣನವರು ಹಡಪದ ಅಪ್ಪಣ್ಣನವರನ್ನು ಕಳಿಸಿ ಮಡದಿಯನ್ನು ಬರಹೇಳಿದರು. ಅಲ್ಲಿರುವ ಸಂಗಯ್ಯ ಇಲ್ಲಿಯೂ ಇದ್ದಾನಲ್ಲ, ಅಲ್ಲಿಗೇ ಏಕೆ ಹೋಗಬೇಕು ಎಂಬ ಭಾವದಿಂದ ಆ ತಾಯಿ ಹೊರಡದೆ ನಿಂತರು. ಕೃಷ್ಣೆಯ ದಡದ ತಂಗಡಗಿಯಲ್ಲಿ ಲಿಂಗೈಕ್ಯರಾದರು ಎಂದು ಪರಂಪರೆ ಹೇಳುತ್ತದೆ. ಬಸವಣ್ಣನವರ ಮಾತನ್ನು ಬಸವತತ್ತ್ವದ ಬಲದಿಂದಲೇ ತಿದ್ದಿದ ಹೆಣ್ಣುಮಗಳು ಅವರು. 'ಸಂಗಯ್ಯ' ಎಂಬ ಅಂಕಿತದಲ್ಲಿ ನೂರಕ್ಕೂ ಮಿಕ್ಕಿ ವಚನ ಬರೆದವರು. ಅಂಥ ತಾಯಿಯ ಕೈಗೆ ಧಾರಾವಾಹಿಯವರು ಕೊಟ್ಟದ್ದು ಒಂದು ಸೆರಗು, ಕಣ್ಣೊರೆಸಿಕೊಳ್ಳುವುದಕ್ಕೆ.

ಆ ಧಾರಾವಾಹಿಯ ಹೆಸರು ಹೇಳುವುದಿಲ್ಲ. ಅದೊಂದರದೇ ತಪ್ಪಾಗಿದ್ದರೆ ಹೇಳಬಹುದಿತ್ತು. ಶರಣರ ಮೇಲೆ ಬಂದ ಎಷ್ಟೋ ನಾಟಕ, ರೂಪಕ, ಜಯಂತಿಯ ದಿನ ಮಕ್ಕಳಿಂದ ಆಡಿಸುವ ದೃಶ್ಯಗಳು ಇದೇ ದಾರಿ ಹಿಡಿದಿವೆ. ನಟರು ಚೆನ್ನಾಗಿರುತ್ತಾರೆ. ಉಡುಗೆ, ಅರಮನೆ, ಆನೆ ಕುದುರೆ ಎಲ್ಲಕ್ಕೂ ಹಣ ಸುರಿದಿರುತ್ತಾರೆ. ಕೈಕೊಡುವುದು ಬರವಣಿಗೆ. ಹನ್ನೆರಡನೆಯ ಶತಮಾನದ ಕಲ್ಯಾಣದಷ್ಟು ಗಟ್ಟಿ ಪಾತ್ರಗಳು ಒಂದೇ ಊರಿನಲ್ಲಿ ಸೇರಿದ್ದು ಅಪರೂಪ. ಅಂಥವರನ್ನು ಬಾಯಿಲ್ಲದ ಮೂರ್ತಿಗಳನ್ನಾಗಿ ಮಾಡಿ ನಿಲ್ಲಿಸುತ್ತಿದ್ದೇವೆ. ಇದರಿಂದ ಹಾಳಾಗುವುದು ಒಂದು ಕಾರ್ಯಕ್ರಮವಷ್ಟೇ ಅಲ್ಲ. ನಮ್ಮ ಮನೆಯ ಮಕ್ಕಳ ಪಾಲಿಗೆ ಶರಣರು ಅನುಸರಿಸುವವರಾಗಿ ಉಳಿಯದೆ, ಊದುಬತ್ತಿ ಹಚ್ಚುವ ಪಟಗಳಾಗುತ್ತಾರೆ. ನನ್ನ ಆತಂಕ ಇದು.

ಮೊದಲು ಬಿಜ್ಜಳನನ್ನೇ ತೆಗೆದುಕೊಳ್ಳಿ. ಅವನು ಕಲ್ಯಾಣ ಚಾಲುಕ್ಯರ ಮಾಂಡಳಿಕನಾಗಿದ್ದು, ಮಂಗಳವಾಡದಿಂದ ಬಂದು ಒಡೆಯರ ಸಿಂಹಾಸನವನ್ನೇ ಹಿಡಿದ ಕಲಚೂರಿ. ಹಾಗೆ ಗದ್ದುಗೆ ಏರಿದವನಿಗೆ ಹಗಲಿರುಳು ಎದೆಬಡಿತ ಇರಲೇಬೇಕು. ಹಳೆಯ ಮನೆತನಗಳು ಅವನನ್ನು ಒಪ್ಪಬೇಕು, ಪುರೋಹಿತರು ಹರಸಬೇಕು, ಬೊಕ್ಕಸ ತುಂಬಿರಬೇಕು. ಬೊಕ್ಕಸದ ಬೀಗದ ಕೈ ಇರುವುದು ಪುರೋಹಿತರಿಗೆ ಆಗದ ಬಸವಣ್ಣನವರ ಕೈಯಲ್ಲಿ! ಅವರನ್ನು ಬಿಟ್ಟರೆ ಅಂಥ ಪ್ರಾಮಾಣಿಕ ಭಂಡಾರಿ ಸಿಗುವುದಿಲ್ಲ. ಇಟ್ಟುಕೊಂಡರೆ ಅರಮನೆಯೊಳಗೆ ದಿನವೂ ದೂರು. ಈ ಇಕ್ಕಟ್ಟಿನಲ್ಲಿರುವ ದೊರೆ ಎಷ್ಟು ಒಳ್ಳೆಯ ಪಾತ್ರ! ಗಿರೀಶ ಕಾರ್ನಾಡರು 1990ರ 'ತಲೆದಂಡ'ದಲ್ಲಿ ಬಿಜ್ಜಳನಿಗೆ ಜಾತಿಯ ಅವಮಾನ ಉಂಡ ಮನಸ್ಸನ್ನು ಕೊಟ್ಟರು. ಬಸವಣ್ಣನವರ ಮೇಲೆ ಅವನಿಗೆ ಇದ್ದ ಒಲವೂ ಅಸಹನೆಯೂ ಆಗ ನಮಗೆ ಅರ್ಥವಾಗುತ್ತವೆ. ಆ ನಾಟಕದ ಎಲ್ಲವನ್ನೂ ನಾನು ಒಪ್ಪುವವನಲ್ಲ, ಆದರೆ ಬಿಜ್ಜಳ ಅಲ್ಲಿ ಮನುಷ್ಯ. 1959ರ 'ಜಗಜ್ಯೋತಿ ಬಸವೇಶ್ವರ' ಚಿತ್ರದಲ್ಲಿ ಹೊನ್ನಪ್ಪ ಭಾಗವತರು ಬಸವಣ್ಣನವರಾದರೆ, ಬಿಜ್ಜಳನಾದವರು ರಾಜಕುಮಾರ್. ಎದುರಾಳಿಯ ಪಾತ್ರಕ್ಕೂ ತೂಕ ಬೇಕೆಂಬುದು ಅಂದಿನವರಿಗೆ ಗೊತ್ತಿತ್ತು. ನಮ್ಮ ಧಾರಾವಾಹಿಯ ಬಿಜ್ಜಳ ಮೀಸೆ ತಿರುವುತ್ತಾನೆ, ಗಹಗಹಿಸುತ್ತಾನೆ, ಪ್ರತಿ ಕಂತಿನ ಕೊನೆಗೆ ಕತ್ತಿಯ ಹಿಡಿಗೆ ಕೈ ಹಾಕುತ್ತಾನೆ. ಮರುದಿನ ಕೈ ತೆಗೆದಿರುತ್ತಾನೆ. ದೊರೆಯೇ ಹೀಗೆ ಹಗುರವಾದರೆ, ಅವನೆದುರು ನಿಂತ ಬಸವಣ್ಣನವರ ಎದೆಗಾರಿಕೆಯೂ ಹಗುರವಾಗುತ್ತದೆ.

ಇನ್ನು ಭಂಡಾರದ ಪ್ರಸಂಗ. ಭಂಡಾರಿ ಬಸವಣ್ಣ ಅರಸನ ಹಣವನ್ನು ಜಂಗಮ ದಾಸೋಹಕ್ಕೆ ಬಳಸುತ್ತಿದ್ದಾನೆ ಎಂಬ ಚಾಡಿ, ಬಿಜ್ಜಳನ ಮುಂದೆ ತನಿಖೆ. ಧಾರಾವಾಹಿಯಲ್ಲಿ ಇದನ್ನು ಹೇಗೆ ತೋರಿಸಿದರು? ಬಸವಣ್ಣನವರು ಕಣ್ಣು ಮುಚ್ಚಿದರು, ಲಿಂಗದಿಂದ ಬೆಳಕು ಹೊರಟಿತು, ಬರಿದಾದ ಹೊನ್ನಿನ ಕೊಪ್ಪರಿಗೆಗಳು ಒಂದೊಂದಾಗಿ ತುಂಬಿದವು. ಮನೆಯವರೆಲ್ಲ ಕೈ ಮುಗಿದರು. ನನಗೆ ಮಾತ್ರ ಒಂದು ಸಂಶಯ ಕಾಡಿತು. ಪವಾಡದಿಂದ ಭಂಡಾರ ತುಂಬಿತು ಎಂದರೆ, ಅದಕ್ಕೂ ಮೊದಲು ಭಂಡಾರ ಬರಿದಾಗಿತ್ತು ಎಂದು ಒಪ್ಪಿಕೊಂಡಂತಾಯಿತಲ್ಲ! ಹೊಗಳಲು ಹೋಗಿ ಬಸವಣ್ಣನವರ ಮೇಲಿನ ಆರೋಪವನ್ನು ನಾವೇ ನಿಜ ಮಾಡಿದೆವು.

ಪುರಾಣಗಳಲ್ಲಿಯೂ ಪವಾಡ ಉಂಟು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಇಂದಿನ ಬರಹಗಾರನಿಗೆ ಇನ್ನೊಂದು ದಾರಿಯೂ ತೆರೆದಿತ್ತು. ಲೆಕ್ಕದ ಕಡತ ಬಿಚ್ಚಿಸಬಹುದಿತ್ತು. ಕರಣಿಕನಾಗಿ ಸೇರಿ ಭಂಡಾರಿಯ ಹುದ್ದೆಗೆ ಏರಿದವರು ಬಸವಣ್ಣನವರು. ಲೆಕ್ಕ ಅವರ ಕಾಯಕ. ಒಬ್ಬ ವಿರೋಧಿ ಕರಣಿಕನೇ ಒಂದೊಂದು ಸಾಲು ಓದುತ್ತ ಹೋಗಲಿ. ಹಣ, ಹಾಗ, ವೀಸ ಎಲ್ಲ ಕೂಡಿಬರಲಿ. ಓದುವವನ ದನಿ ಸಣ್ಣದಾಗುತ್ತ ಹೋಗಲಿ. ಕಂಪ್ಯೂಟರಿನ ಬೆಳಕು ಬೇಡ, ಗುಡುಗು ಸಿಡಿಲಿನ ಸಂಗೀತವೂ ಬೇಡ. ಇಂದು ಕಚೇರಿಯಲ್ಲಿ ಕುಳಿತು ಸಹಿ ಹಾಕುವ ನಮ್ಮ ಮಕ್ಕಳಿಗೆ, ಸಹಕಾರಿ ಸಂಘದ ಲೆಕ್ಕ ಬರೆಯುವವರಿಗೆ ಆ ದೃಶ್ಯ ಮುಟ್ಟುತ್ತಿತ್ತು. ಕೊಪ್ಪರಿಗೆ ತುಂಬಿಸುವ ಬಸವಣ್ಣನವರನ್ನು ನಾವು ಅನುಸರಿಸಲಾರೆವು. ಲೆಕ್ಕ ಒಪ್ಪಿಸುವ ಬಸವಣ್ಣನವರನ್ನು ಅನುಸರಿಸಬಹುದು.

ಅಲ್ಲಮಪ್ರಭುಗಳ ವಿಷಯದಲ್ಲಿ ಇದಕ್ಕಿಂತ ದೊಡ್ಡ ನಷ್ಟ ಆಗಿದೆ. ಹರಿಹರನ ರಗಳೆಯಲ್ಲಿ ಅಲ್ಲಮ ಮದ್ದಳೆ ನುಡಿಸುವವನು, ಕಾಮಲತೆಯನ್ನು ಒಲಿದವನು. ಆಕೆ ಜ್ವರ ಬಂದು ತೀರಿಹೋಗುತ್ತಾಳೆ. ಅಲ್ಲಮ ಹುಚ್ಚನಂತೆ ಅಲೆಯುತ್ತಾನೆ. ಒಂದು ತೋಪಿನಲ್ಲಿ ಕುಳಿತು ಕಾಲುಗುರಿನಿಂದ ನೆಲ ಕೆದಕುತ್ತಿರುವಾಗ ಹೂತುಹೋದ ಗುಡಿಯ ಕಳಸ ಕಾಣುತ್ತದೆ. ಅಗೆಸಿ ಒಳಗೆ ಹೋದರೆ ಅನಿಮಿಷಯ್ಯನ ದರ್ಶನ. ಹೆಂಡತಿಯನ್ನು ಕಳೆದುಕೊಂಡ ಒಬ್ಬ ಗಂಡಸಿನ ದುಃಖದಿಂದ ಶೂನ್ಯಪೀಠದ ಅಧ್ಯಕ್ಷರವರೆಗಿನ ದಾರಿ ಅದು. ಚಾಮರಸ ಈ ಕತೆಯನ್ನು ಒಪ್ಪಲಿಲ್ಲ. 'ಪ್ರಭುಲಿಂಗಲೀಲೆ'ಯಲ್ಲಿ ಪ್ರಭು ಮಾಯೆಗೆ ಸಿಕ್ಕದವರು. ಇಬ್ಬರು ದೊಡ್ಡ ಕವಿಗಳು ಎರಡು ಕತೆ ಹೇಳಿದ್ದಾರೆ, ಎರಡರಲ್ಲಿಯೂ ಕಸುವಿದೆ. ಧಾರಾವಾಹಿಯವರು ಎರಡನ್ನೂ ಬಿಟ್ಟು, ತೊಟ್ಟಿಲಲ್ಲೇ ತಲೆಯ ಹಿಂದೆ ಪ್ರಭಾವಳಿ ತಿರುಗುವ ಮಗುವನ್ನು ತೋರಿಸಿದರು. ಹುಟ್ಟುವಾಗಲೇ ಎಲ್ಲ ತಿಳಿದವನಿಗೆ ಮುಂದೆ ಕತೆ ಏನಿದೆ?

ಈಗ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಇಲ್ಲದಿದ್ದರೆ ಈ ಬರಹಕ್ಕೆ ಪ್ರಾಮಾಣಿಕತೆ ಬರುವುದಿಲ್ಲ.

ಬಹಳ ವರ್ಷಗಳ ಹಿಂದೆ ಬಸವ ಜಯಂತಿಗೆಂದು ಶಾಲೆಯ ಮಕ್ಕಳಿಗಾಗಿ ನಾನೊಂದು ನಾಟಕ ಬರೆದೆ. ಶೂನ್ಯಸಂಪಾದನೆಯ ಒಂದು ಪ್ರಸಂಗವನ್ನು ಆಯ್ದುಕೊಂಡಿದ್ದೆ. ಅಲ್ಲಮಪ್ರಭುಗಳು ಸೊನ್ನಲಿಗೆಯ ಸಿದ್ಧರಾಮಯ್ಯನವರನ್ನು ಕರೆದುಕೊಂಡು ಕಲ್ಯಾಣಕ್ಕೆ ಬರುತ್ತಾರೆ. ಮಹಾಮನೆಯ ಬಾಗಿಲಲ್ಲಿ ನಿಲ್ಲುತ್ತಾರೆ. ಬಸವಣ್ಣನವರು ಲಿಂಗಪೂಜೆಯಲ್ಲಿದ್ದಾರೆ; ಎದ್ದು ಬರುವುದಿಲ್ಲ, ಕರೆತರಲು ಅಪ್ಪಣ್ಣನವರನ್ನು ಕಳಿಸುತ್ತಾರೆ. ಪ್ರಭುಗಳು ಒಳಗೆ ಬರಲೊಪ್ಪುವುದಿಲ್ಲ. ಬಾಗಿಲಿಗೆ ಬಂದ ಜಂಗಮವನ್ನು ನಿಲ್ಲಿಸಿ ಒಳಗೆ ಪೂಜೆ ಮಾಡುವುದು ಎಂಥ ಭಕ್ತಿ ಎಂಬುದು ಅವರ ಪ್ರಶ್ನೆ. ಜಂಗಮವೇ ಲಿಂಗವೆಂದು ಲೋಕಕ್ಕೆ ಸಾರಿದ ಬಸವಣ್ಣನವರಿಗೇ ಈ ಪ್ರಶ್ನೆ! ಕೊನೆಗೆ ಅವರು ಎದ್ದು ಬಂದು ತಪ್ಪೊಪ್ಪಿಕೊಂಡು ಪ್ರಭುಗಳನ್ನು ಬರಮಾಡಿಕೊಳ್ಳುತ್ತಾರೆ.

ನಾಟಕದ ತಾಲೀಮು ನೋಡಲು ಬಂದ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. "ಮಾಸ್ತರ, ಅಪ್ಪ ಬಸವಣ್ಣನವರು ತಪ್ಪಾತು ಅಂತ ಕೈ ಮುಗಿಯೂದು ಬ್ಯಾಡ್ರಿ. ಮಂದಿ ಏನಂದಾರು?" ಎಂದರು. ನನಗೂ ಅಳುಕಿತು. ಆ ಭಾಗವನ್ನು ಹೊಡೆದುಹಾಕಿದೆ. ಪ್ರಭುಗಳು ಬಂದೊಡನೆ ಬಸವಣ್ಣನವರು ಓಡಿಬಂದು ಪಾದಕ್ಕೆರಗುವಂತೆ ತಿದ್ದಿದೆ. ಅಲ್ಲಮನ ಪಾತ್ರದ ಹುಡುಗ ಮರುದಿನ ಕೇಳಿದ: "ಸರ್, ಅವರು ಓಡಿಬಂದರಲ್ಲರೀ, ಮತ್ತ ನಾ ಯಾಕ ಸಿಟ್ಟಾಗಬೇಕು?" ಅವನ ಮಾತನ್ನೂ ಹೊಡೆದುಹಾಕಿದೆ. ಸಿದ್ಧರಾಮಯ್ಯನ ಪಾತ್ರಧಾರಿಗೆ ನೋಡಿ ಬೆರಗಾಗುವಂಥದ್ದು ಏನೂ ಉಳಿಯಲಿಲ್ಲ. ಅವನೂ ಸುಮ್ಮನೆ ಕೈಮುಗಿದು ನಿಂತ. ಹತ್ತು ನಿಮಿಷದ ನಾಟಕ ನಾಲ್ಕು ನಿಮಿಷಕ್ಕೆ ಮುಗಿಯಿತು, ಉಳಿದದ್ದಕ್ಕೆ ಒಂದು ನೃತ್ಯ ಸೇರಿಸಿದೆವು. ಜನ ಚಪ್ಪಾಳೆ ತಟ್ಟಿದರು.

ಬರವಣಿಗೆ ಸೋಲುವುದು ಹೀಗೆ. ಒಂದು ಪಾತ್ರದ ತಪ್ಪನ್ನು ಅಳಿಸಿದರೆ ಎದುರಿನ ಪಾತ್ರದ ಸಿಟ್ಟಿಗೆ ಕಾರಣ ಇಲ್ಲವಾಗುತ್ತದೆ, ಸಿಟ್ಟು ಹೋದರೆ ಮೂರನೆಯವನ ಅರಿವು ಹೋಗುತ್ತದೆ. ಖಾಲಿಯಾದ ಜಾಗಕ್ಕೆ ಕುಣಿತ, ಪವಾಡ, ಅರಮನೆಯ ಸಂಚು ಬಂದು ಕೂರುತ್ತವೆ. ಅನುಭವ ಮಂಟಪದ ಹೆಚ್ಚುಗಾರಿಕೆಯೇ ಒಬ್ಬರನ್ನೊಬ್ಬರು ಪ್ರಶ್ನಿಸುವುದರಲ್ಲಿತ್ತು. ಅಕ್ಕಮಹಾದೇವಿಯವರು ಬಂದಾಗ ಪ್ರಭುಗಳು ಆರತಿ ಎತ್ತಿ ಬರಮಾಡಿಕೊಳ್ಳಲಿಲ್ಲ; ನಿನ್ನ ಪತಿ ಯಾರು, ಎಲ್ಲ ಬಿಟ್ಟವಳು ಕೂದಲಿನಿಂದ ಮೈ ಮುಚ್ಚಿಕೊಂಡದ್ದೇಕೆ ಎಂದು ಕಟುವಾಗಿ ಕೇಳಿದರು. ಅಕ್ಕ ಒಂದೊಂದಕ್ಕೂ ನಿಂತು ಉತ್ತರ ಕೊಟ್ಟರು. ಅಣ್ಣ ಅಜಗಣ್ಣನನ್ನು ಕಳೆದುಕೊಂಡ ಮುಕ್ತಾಯಕ್ಕ ಸಮಾಧಾನ ಹೇಳಲು ಬಂದ ಪ್ರಭುಗಳನ್ನೇ ಮರುಪ್ರಶ್ನೆ ಹಾಕಿ ನಿಲ್ಲಿಸಿದರು. ಆಯ್ದಕ್ಕಿ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ ದಿನ, ಈ ಆಸೆ ನಮಗೇಕೆ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ಲಕ್ಕಮ್ಮ ಗಂಡನನ್ನು ತಿರುಗಿ ಕಳಿಸಿದರು. ಗುಡಿಸಲಿನ ಹೊಸ್ತಿಲು, ಒಂದು ಮೊರ, ಎರಡು ಪಾತ್ರ ಸಾಕು ಆ ದೃಶ್ಯಕ್ಕೆ. ಧಾರಾವಾಹಿಯಲ್ಲಿ ಲಕ್ಕಮ್ಮ ಎರಡು ಕಂತಿನಲ್ಲಿ ಬಂದರು. ಎರಡರಲ್ಲಿಯೂ ಗಂಡನ ಹಿಂದೆ ನಿಂತಿದ್ದರು.

ಬರಹಗಾರರು ಸಾಮಾನ್ಯವಾಗಿ ಹೇಳುವ ಕಷ್ಟವನ್ನೂ ಕೇಳಬೇಕು. ದಿನಕ್ಕೊಂದು ಕಂತು ಬರೆಯಬೇಕು. ವೀಕ್ಷಕರ ಸಂಖ್ಯೆ ಇಳಿದರೆ ಕತೆಯ ದಿಕ್ಕನ್ನೇ ಬದಲಿಸಬೇಕು. ಮೂರು ಸಲ ಮುಖ ತೋರಿಸಿ ಗುಡುಗು ಹಾಕಿದರೆ ಒಂದು ನಿಮಿಷ ಉಳಿಯುತ್ತದೆ, ಅಷ್ಟರಮಟ್ಟಿಗೆ ಮಾತು ಬರೆಯುವುದು ತಪ್ಪುತ್ತದೆ. ಎಲ್ಲ ನಿಜ. ಆದರೆ ಶರಣರ ವಿಷಯದಲ್ಲಿ ಅವರಿಗೊಂದು ಅನುಕೂಲವೂ ಇದೆ. ಸುಮಾರು ಐದು ನೂರು ವರ್ಷಗಳ ಹಿಂದೆಯೇ ಶಿವಗಣಪ್ರಸಾದಿ ಮಹಾದೇವಯ್ಯನವರೂ ಅವರ ನಂತರದವರೂ ವಚನಗಳನ್ನೇ ಜೋಡಿಸಿ ಶೂನ್ಯಸಂಪಾದನೆಯ ನಾಲ್ಕು ಆವೃತ್ತಿಗಳನ್ನು ಕೊಟ್ಟಿದ್ದಾರೆ. ಅದು ಸಂಭಾಷಣೆಯ ರೂಪದಲ್ಲಿಯೇ ಇರುವ ಗ್ರಂಥ. ಒಬ್ಬರ ವಚನಕ್ಕೆ ಇನ್ನೊಬ್ಬರ ವಚನ ಉತ್ತರ. ನಮ್ಮ ಧಾರಾವಾಹಿಗಳಲ್ಲಿ ವಚನ ಬರುವುದು ಹಿನ್ನೆಲೆಯ ಹಾಡಾಗಿ. ಯಾರೋ ನಡೆದು ಹೋಗುವಾಗ, ದೀಪ ಉರಿಯುವಾಗ. ಅದು ಒಬ್ಬ ಮನುಷ್ಯ ಇನ್ನೊಬ್ಬನ ಮುಖ ನೋಡಿ ಆಡಿದ ಮಾತು ಎಂಬುದು ನೋಡುವವರಿಗೆ ತಿಳಿಯುವುದೇ ಇಲ್ಲ.

ಭಾಷೆಯ ಮಾತೂ ಇಷ್ಟೇ. ಶರಣರು ಸಂಸ್ಕೃತವನ್ನು ಬದಿಗಿಟ್ಟು ಸಂತೆಯ, ಮಗ್ಗದ, ಅಡುಗೆ ಮನೆಯ ಕನ್ನಡದಲ್ಲಿ ಮಾತಾಡಿದವರು. ಧಾರಾವಾಹಿಯಲ್ಲಿ ಮಡಿವಾಳ ಮಾಚಿದೇವರು ಬಟ್ಟೆ ಒಗೆಯುತ್ತ ಕಂಪನಿ ನಾಟಕದ ದೊರೆಯಂತೆ ಮಾತಾಡುತ್ತಾರೆ. ಅವರ ವಚನವೇ ಅವರ ಸಂಭಾಷಣೆಗಿಂತ ಸರಳವಾಗಿದೆ!

ಆದರೆ ತಪ್ಪನ್ನೆಲ್ಲ ಬರಹಗಾರರ ಮೇಲೆ ಹೊರಿಸಿ ನಾವು ಕೈ ತೊಳೆದುಕೊಳ್ಳುವಂತಿಲ್ಲ. ನನ್ನ ನಾಟಕದ ಸಾಲನ್ನು ಹೊಡೆಸಿದ್ದು ಟಿ.ವಿ. ವಾಹಿನಿಯಲ್ಲ, ನಮ್ಮವರೇ ಆದ ಹಿರಿಯರು, ಹೊಡೆದವನು ನಾನು. ಎಚ್.ಎಸ್. ಶಿವಪ್ರಕಾಶರ 'ಮಹಾಚೈತ್ರ' ಪಠ್ಯವಾದಾಗ ನಮ್ಮ ಸಮಾಜದಿಂದಲೇ ದೊಡ್ಡ ವಿರೋಧ ಎದ್ದದ್ದು ಹಳಬರಿಗೆ ನೆನಪಿದೆ. ಒಪ್ಪದಿದ್ದರೆ ಬರೆದು ಖಂಡಿಸುವುದು ಅನುಭವ ಮಂಟಪದ ದಾರಿ. ಬಾಯಿ ಮುಚ್ಚಿಸುವ ದಾರಿ ಹಿಡಿದರೆ ಮುಂದಿನ ಬರಹಗಾರ ಏನು ಮಾಡುತ್ತಾನೆ? ಯಾವ ದೂರೂ ಬರದಂಥ ಬಸವಣ್ಣನವರನ್ನು ಬರೆಯುತ್ತಾನೆ. ನಗುಮುಖ, ಎತ್ತಿದ ಅಭಯಹಸ್ತ, ಹಿಂದೆ ಬೆಳಕು. ಆಮೇಲೆ ನಾವೇ ಪಾತ್ರದಲ್ಲಿ ಜೀವ ಇಲ್ಲವೆಂದು ದೂರುತ್ತೇವೆ.

ಕಲ್ಯಾಣದ ಕೊನೆಯ ಅಧ್ಯಾಯ ಬಂದಾಗ ಈ ನಷ್ಟ ಎದ್ದು ಕಾಣುತ್ತದೆ. ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಮದುವೆ. ಅದರ ಬೆನ್ನಿಗೆ ಎಳೆಹೂಟೆಯ ಶಿಕ್ಷೆ. ಧಾರಾವಾಹಿಯಲ್ಲಿ ಮದುವೆಯ ಅಲಂಕಾರಕ್ಕೆ ಒಂದು ವಾರ ಹೋಯಿತು, ಶಿಕ್ಷೆಗೆ ಇನ್ನೊಂದು ವಾರ. ಆ ಹುಡುಗ, ಆ ಹುಡುಗಿ ಬಾಯಿ ಬಿಟ್ಟು ಹತ್ತು ಮಾತಾಡಲಿಲ್ಲ. ಮದುವೆಗೆ ಒಪ್ಪುವ ಮೊದಲು ಚಮ್ಮಾರಿಕೆಯ ಮನೆಯ ತಾಯಿಗೆ ಏನು ಭಯವಿತ್ತು? ಮಂತ್ರಿಯ ಮನೆಯ ಹೆಣ್ಣುಮಗಳು ಆ ಹೊಸ್ತಿಲಲ್ಲಿ ಕಾಲಿಡುವಾಗ ಏನು ನೆನೆದಳು? ಕಾಯುವುದು ಒಳ್ಳೆಯದೆಂದು ಮಂಟಪದಲ್ಲಿ ಒಬ್ಬರಾದರೂ ಹೇಳಿರಲಾರರೇ? ಇದನ್ನು ಕಲ್ಪಿಸಿ ಬರೆಯುವುದೇ ಬರಹಗಾರನ ಕಾಯಕ. ನಮ್ಮೂರುಗಳಲ್ಲಿ ಇಂದಿಗೂ ಒಳಪಂಗಡ ನೋಡದೆ ಹೆಣ್ಣು ಕೊಡುವುದಿಲ್ಲ. ಆ ಇಬ್ಬರು ತಂದೆ-ತಾಯಿಯರು ಹೆದರಿದ್ದನ್ನೂ, ಹೆದರಿಯೂ ಒಪ್ಪಿದ್ದನ್ನೂ ನೋಡಿದ್ದರೆ, ಟಿ.ವಿ. ಮುಂದೆ ಕುಳಿತ ಒಬ್ಬ ತಂದೆಗಾದರೂ ಆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಹಾಗಾಗಲಿಲ್ಲ, ಎಲ್ಲರೂ ಕಣ್ಣೊರೆಸಿಕೊಂಡು ಊಟಕ್ಕೆ ಎದ್ದೆವು.

ಏನು ಮಾಡಬಹುದು? ಮಠಗಳಿಗೆ ಈ ದಾರಿ ಹೊಸದಲ್ಲ. ಸಾಣೇಹಳ್ಳಿಯ ಶಿವಸಂಚಾರ ತಂಡ ವರ್ಷವರ್ಷ ನಾಡಿನ ಊರೂರಿಗೆ ನಾಟಕ ಒಯ್ಯುತ್ತಿದೆ. ರಂಗಭೂಮಿ ಮಠದ ಅಂಗಳದಲ್ಲಿ ಬೆಳೆಯಬಲ್ಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಧಾರಾವಾಹಿ, ಚಿತ್ರಗಳ ಮುಹೂರ್ತಕ್ಕೆ ನಮ್ಮ ಪೂಜ್ಯರನ್ನು ಕರೆಯುತ್ತಾರೆ. ಆಶೀರ್ವಾದದ ಜೊತೆಗೆ, ಶೂನ್ಯಸಂಪಾದನೆ ಓದಿದ ಬರಹಗಾರರು ನಿಮ್ಮಲ್ಲಿ ಎಷ್ಟು ಜನ ಇದ್ದಾರೆ ಎಂದು ಅವರು ಕೇಳಲಿ. ಬರೆಯುವ ಹುಡುಗ ಹುಡುಗಿಯರನ್ನು ಬೇಸಿಗೆಯಲ್ಲಿ ಹತ್ತು ದಿನ ಮಠದಲ್ಲಿ ಉಳಿಸಿಕೊಂಡು, ಪ್ರಸಾದ ಕೊಟ್ಟು, ಒಂದೊಂದು ಪ್ರಸಂಗ ಓದಿಸಿ ದೃಶ್ಯ ಬರೆಸಲಿ. ಫ.ಗು. ಹಳಕಟ್ಟಿಯವರು ಓಲೆಗರಿ ಹುಡುಕಿ ತಂದು, 1923ರಲ್ಲಿ 'ವಚನಶಾಸ್ತ್ರಸಾರ' ಹೊರತಂದು, ಅಚ್ಚಿನ ಕೆಲಸಕ್ಕಾಗಿ ಮನೆಯನ್ನೇ ಕಳೆದುಕೊಂಡರು. ಅವರು ಉಳಿಸಿಕೊಟ್ಟ ಮಾತುಗಳನ್ನು ಪಾತ್ರಗಳ ಬಾಯಿಗೆ ಹಿಂದಿರುಗಿಸುವ ಕೆಲಸ ನಮ್ಮದು. ಮತ್ತು ಶರಣರೊಬ್ಬರು ಸೋತದ್ದನ್ನು, ಅಳುಕಿದ್ದನ್ನು, ತಿದ್ದಿಕೊಂಡದ್ದನ್ನು ತೆರೆಯ ಮೇಲೆ ಕಂಡಾಗ ದೂರು ಬರೆಯುವ ಮೊದಲು ಒಂದು ರಾತ್ರಿ ತಡೆಯುವುದನ್ನು ನಾವು, ಹಿರಿಯರು, ಕಲಿಯಬೇಕು.

ಮೊಮ್ಮಗಳ ಪ್ರಶ್ನೆಗೆ ಅಂದು ರಾತ್ರಿ ನಾನು ಬಾಯಿಮಾತಿನ ಉತ್ತರ ಕೊಡಲಿಲ್ಲ. ಕಪಾಟಿನಿಂದ ಸಮಗ್ರ ವಚನ ಸಂಪುಟದ ಶಿವಶರಣೆಯರ ಸಂಪುಟ ತೆಗೆದು, ನೀಲಮ್ಮ ತಾಯಿಯ ಪುಟ ಬಿಚ್ಚಿ ಅವಳ ಮುಂದಿಟ್ಟೆ. ನಾಲ್ಕೈದು ವಚನ ಓದಿದಳು. ಕೆಲವು ಅರ್ಥವಾಗಲಿಲ್ಲ, ಕೇಳಿದಳು. ಅಪ್ಪಣ್ಣನವರ ಕೈಲಿ ಹೇಳಿಕಳಿಸಿದರೂ ಆ ತಾಯಿ ಹೋಗದೆ ಉಳಿದ ಕತೆ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದನ್ನ ಯಾಕ ತೋರಸಲಿಲ್ಲ ಅಜ್ಜಾ?" ಎಂದಳು.

ಈ ವರ್ಷದ ಬಸವ ಜಯಂತಿಗೆ ಆ ಹಳೆಯ ನಾಟಕವನ್ನು ಮತ್ತೆ ಬರೆಯುತ್ತಿದ್ದೇನೆ. ಬಸವಣ್ಣನವರು ಬಾಗಿಲಿಗೆ ತಡವಾಗಿ ಬರುತ್ತಾರೆ, ತಪ್ಪಾಯಿತು ಎನ್ನುತ್ತಾರೆ. ಈ ಸಲ ಹೊಡೆದುಹಾಕುವುದಿಲ್ಲ.